ಅಪ್ಪನ ಸಾಲ ಮಕ್ಕಳ ತಲೆಗೆ ಎಷ್ಟು ಬರುತ್ತದೆ?

ಮನೆಯ ಯಜಮಾನರು ತೀರಿಕೊಂಡ ಮೇಲೆ ಮೊದಲ ಎರಡು ವಾರ ಮನೆಯವರಿಗೆ ಯಾವುದರ ಕಡೆಗೂ ಗಮನ ಇರುವುದಿಲ್ಲ. ಕಾರ್ಯದ ಖರ್ಚು, ಬಂದುಹೋಗುವ ನೆಂಟರು, ಆಸ್ಪತ್ರೆಯ ಬಾಕಿ. ಸಾಲ ಕೊಟ್ಟವರು ಬರುವುದೂ ಇದೇ ಹೊತ್ತಿನಲ್ಲಿ. ಕೆಲವರು "ನಿಮ್ಮಪ್ಪ ಇಷ್ಟು ಇಸ್ಕೊಂಡಿದ್ರು, ನಿಧಾನಕ್ಕೆ ನೋಡಪ್ಪ" ಎಂದು ಹೇಳಿ ಹೋಗುತ್ತಾರೆ. ಕೆಲವರು ಬರುವಾಗಲೇ ಬಾಂಡ್ ಪೇಪರ್ ತಂದಿರುತ್ತಾರೆ. "ಮಗ ಅಂದ್ಮೇಲೆ ಅಪ್ಪನ ಸಾಲ ತೀರಿಸ್ಬೇಕಲ್ವಾ, ಇಲ್ಲೊಂದು ಸಹಿ ಹಾಕು." ನೆಂಟರ ಮುಂದೆ ಮರ್ಯಾದೆ ಹೋಗಬಾರದು ಎಂದು ಮಗ ಸಹಿ ಹಾಕಿಬಿಡುತ್ತಾನೆ. ಅಲ್ಲಿಂದ ಮುಂದೆ ಬಡ್ಡಿ ಓಡುವುದು ಅವನ ಹೆಸರಿನಲ್ಲಿ.

ಕಾನೂನು ಹೇಳುವುದು ಬೇರೆ. ತೀರಿಕೊಂಡವರ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕು. ಆ ಆಸ್ತಿ ಸಾಲದೇ ಹೋದರೆ ಉಳಿದ ಬಾಕಿ ಕೊಟ್ಟವರ ನಷ್ಟ. ಮಗನ ಸಂಬಳ, ಮಗಳ ಒಡವೆ, ಸೊಸೆ ತಾನು ದುಡಿದು ಕೊಂಡ ಸೈಟು, ಇವನ್ನು ಮುಟ್ಟುವ ಹಕ್ಕು ಸಾಲ ಕೊಟ್ಟವರಿಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಸತ್ತವರ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ ಮಾತ್ರ ಅವರು ಹೊಣೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಈ ಸೆಕ್ಷನ್‌ಗೆ ಇಲ್ಲ.

ಹಾಗಾದರೆ "ಅಪ್ಪನ ಸಾಲ ಮಗನೇ ತೀರಿಸಬೇಕು" ಎಂಬ ಮಾತು ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ? ಅದಕ್ಕೂ ಕಾರಣ ಇದೆ. ಹಳೆಯ ಹಿಂದೂ ಕಾನೂನಿನಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದಿತ್ತು. ನ್ಯಾಯಾಲಯಗಳೂ ಅದನ್ನು ಒಪ್ಪಿಕೊಂಡು, ಪಿತ್ರಾರ್ಜಿತ ಆಸ್ತಿಯಲ್ಲಿದ್ದ ಮಗನ ಪಾಲನ್ನೂ ಅಪ್ಪನ ಸಾಲಕ್ಕೆ ಹಿಡಿಯಲು ಬಿಡುತ್ತಿದ್ದವು. ಜೂಜು, ಕುಡಿತದಂಥ ಕೆಟ್ಟ ಕೆಲಸಕ್ಕೆ ಮಾಡಿದ ಸಾಲವಾದರೆ ಮಾತ್ರ ಮಗ ತಪ್ಪಿಸಿಕೊಳ್ಳಬಹುದಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಇದಕ್ಕೆ ತೆರೆ ಎಳೆಯಿತು. ಆ ದಿನದ ನಂತರ ಮಾಡಿದ ಸಾಲಕ್ಕೆ, ಮಗ, ಮೊಮ್ಮಗ, ಮರಿಮಗ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಲಯ ಹೊಣೆ ಮಾಡುವಂತಿಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ ಎಂದು ಎಲ್ಲರಿಗೂ ಗೊತ್ತಿರುವುದು ಇದೇ. ಅದೇ 6ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ ಗಂಡುಮಕ್ಕಳ ತಲೆಯಿಂದ ಹಳೆಯ ಹೊರೆ ಇಳಿಸಿದೆ. ಇದರ ಬಗ್ಗೆ ಮಾತಾಡುವವರೇ ಕಡಿಮೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಅಪ್ಪ ಕೂಡುಕುಟುಂಬದ ಯಜಮಾನರಾಗಿ ಮನೆಯ ಅಗತ್ಯಕ್ಕೆ, ಅಂದರೆ ಬೇಸಾಯಕ್ಕೋ ಮದುವೆಗೋ ಚಿಕಿತ್ಸೆಗೋ, ಕುಟುಂಬದ ಜಮೀನನ್ನು ಅಡವಿಟ್ಟು ಸಾಲ ಮಾಡಿದ್ದರೆ ಆ ಸಾಲ ಇಡೀ ಕುಟುಂಬದ ಆಸ್ತಿಗೆ ಅಂಟಿಕೊಳ್ಳುತ್ತದೆ. ಆಗಲೂ ಅದು ಆ ಆಸ್ತಿಗೆ ಅಂಟಿದ ಸಾಲವೇ ಹೊರತು ಮಕ್ಕಳ ಸ್ವಂತ ದುಡಿಮೆಗೆ ಅಂಟಿದ್ದಲ್ಲ.

ಒಂದು ಮನೆಯ ಲೆಕ್ಕ

ಸುಮ್ನೆ ಸೆಕ್ಷನ್ ಹೇಳಿಕೊಂಡು ಹೋದರೆ ಯಾರಿಗೂ ಹತ್ತುವುದಿಲ್ಲ. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಿಪಟೂರು ಕಡೆಯ ಒಂದು ಹಳ್ಳಿ. ಯಜಮಾನರು ತಾವೇ ದುಡಿದು ಕೊಂಡ 3 ಎಕರೆ ತೆಂಗಿನ ತೋಟ ಬಿಟ್ಟುಹೋಗಿದ್ದಾರೆ. ಉಯಿಲು ಬರೆದಿಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬಳು ಮಗಳು, ಮತ್ತು ಯಜಮಾನರ ವಯಸ್ಸಾದ ತಾಯಿ. ಸೊಸೈಟಿಯಲ್ಲಿ 2 ಲಕ್ಷ ಬೆಳೆಸಾಲ. ಬ್ಯಾಂಕಿನಲ್ಲಿ ಟ್ರ್ಯಾಕ್ಟರ್ ಸಾಲ 4 ಲಕ್ಷ ಬಾಕಿ, ಅದಕ್ಕೆ ಹೆಂಡತಿಯ ಅಣ್ಣನ ಜಾಮೀನು. ಊರಿನವರೊಬ್ಬರ ಹತ್ತಿರ ಪ್ರೋನೋಟಿನ ಮೇಲೆ ಕೈಸಾಲ ಒಂದೂವರೆ ಲಕ್ಷ. ಇದಲ್ಲದೆ ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ 60 ಸಾವಿರ.

ಪ್ರತಿ ಸಾಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಇದರಲ್ಲಿ ಸಹಿ ಯಾರದು?

ಸಂಘದ ಸಾಲದಲ್ಲಿ ಸಹಿ ಹೆಂಡತಿಯದು. ಅದು ಗಂಡನ ಸಾಲವೇ ಅಲ್ಲ. ದುಡ್ಡು ಗಂಡನ ಕೈಗೆ ಹೋಗಿರಬಹುದು, ಕಾಗದದಲ್ಲಿ ಸಾಲ ಪಡೆದವರು ಆಕೆ. ಗಂಡ ತೀರಿಕೊಂಡರೂ ಕಂತು ನಿಲ್ಲುವುದಿಲ್ಲ. ಆದರೆ ಇಲ್ಲೊಂದು ವಿಷಯ ನೋಡಲೇಬೇಕು. ಮೈಕ್ರೋ ಫೈನಾನ್ಸ್ ಸಾಲ ಕೊಡುವಾಗ ವಿಮೆಯ ದುಡ್ಡು ಮುರಿದುಕೊಂಡಿರುವುದು ಸಾಮಾನ್ಯ. ಎಷ್ಟೋ ಕಡೆ ಆ ವಿಮೆ ಗಂಡ, ಹೆಂಡತಿ ಇಬ್ಬರಿಗೂ ಅನ್ವಯಿಸುತ್ತದೆ. ಗಂಡ ಸತ್ತರೂ ಉಳಿದ ಸಾಲ ವಿಮೆಯಿಂದ ಚುಕ್ತಾ ಆಗುವಂತಿದ್ದು, ಕೇಳದ ಕಾರಣಕ್ಕೆ ವಿಧವೆ ಕಂತು ಕಟ್ಟುತ್ತಲೇ ಹೋಗಬಾರದು. ಸಾಲದ ಕಾರ್ಡ್ ತೆಗೆದು "ವಿಮೆ" ಎಂದು ಎಷ್ಟು ರೂಪಾಯಿ ಹಿಡಿದಿದ್ದಾರೆ ಎಂದು ನೋಡಿ. ಹಿಡಿದಿದ್ದರೆ ಮರಣ ಪ್ರಮಾಣಪತ್ರದ ಜೊತೆ ಲಿಖಿತವಾಗಿ ಕ್ಲೇಮ್ ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಟ್ರ್ಯಾಕ್ಟರ್ ಸಾಲ, ಮನೆ ಸಾಲಗಳಿಗೂ ಇದೇ ಮಾತು.

ಟ್ರ್ಯಾಕ್ಟರ್ ಸಾಲದಲ್ಲಿ ಯಜಮಾನರ ಸಹಿಯ ಪಕ್ಕದಲ್ಲಿ ಅವರ ಭಾವಮೈದುನನ ಸಹಿ ಇದೆ. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಪೂರ್ತಿ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಸಾಲ ಪಡೆದವರು ಸತ್ತರೆ ಜಾಮೀನು ಸಾಯುವುದಿಲ್ಲ. ಬ್ಯಾಂಕು ಮೊದಲು ಟ್ರ್ಯಾಕ್ಟರ್ ಮಾರಬಹುದು, ಸಾಲದಿದ್ದರೆ ಆತನನ್ನು ಕೇಳಬಹುದು. ಮೊದಲೇ ಆತನ ಮೇಲೂ ಹೋಗಬಹುದು. ಆತ ಕಟ್ಟಿದರೆ ಆ ದುಡ್ಡನ್ನು ಯಜಮಾನರ ಆಸ್ತಿಯಿಂದ ವಸೂಲು ಮಾಡುವ ಹಕ್ಕು ಆತನಿಗೆ ಬರುತ್ತದೆ. ನೆಂಟಸ್ತನ ಉಳಿಯಬೇಕಾದರೆ ಬೇರೆ ಸಾಲಕ್ಕಿಂತ ಮೊದಲು ಈ ಸಾಲದ ಬಗ್ಗೆ ಕೂತು ಮಾತಾಡುವುದು ಒಳ್ಳೆಯದು. ಸಾವಿನ ಮನೆಯಲ್ಲಿ ಎಲ್ಲರೂ ಮರೆಯುವುದು ಜಾಮೀನು ಕೊಟ್ಟವನನ್ನೇ.

ದೊಡ್ಡ ಮಗ ಟ್ರ್ಯಾಕ್ಟರ್ ಸಾಲಕ್ಕೆ ಸಹ-ಸಾಲಗಾರ ಎಂದು ಸಹಿ ಹಾಕಿದ್ದಿದ್ದರೆ ಕಥೆಯೇ ಬೇರೆ. ಆಗ ಅದು ಅವನದೇ ಸಾಲ, ಅಪ್ಪನ ಆಸ್ತಿ ಎಷ್ಟು ಎಂಬ ಪ್ರಶ್ನೆಯೇ ಬರುವುದಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಸಾಲ ಮಾಡುವಾಗ ಮಗನನ್ನೋ ಸೊಸೆಯನ್ನೋ ಸಹ-ಅರ್ಜಿದಾರರು ಮಾಡಿರುತ್ತಾರೆ, ನೆನಪಿರಲಿ.

ಸೊಸೈಟಿಯ ಬೆಳೆಸಾಲ ಜಮೀನಿಗೆ ಅಂಟಿದೆ. ಪಹಣಿಯ 11ನೇ ಕಾಲಂನಲ್ಲಿ ಋಣ ಎಂದು ದಾಖಲಾಗಿರುತ್ತದೆ. ಆ ಜಮೀನು ಯಾರ ಕೈಗೆ ಹೋದರೂ ಋಣ ಜೊತೆಗೇ ಹೋಗುತ್ತದೆ. ಬಡ್ಡಿ ಇಲ್ಲದ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಗಡುವು ಮೀರಿದರೆ ಆ ಅನುಕೂಲ ಹೋಗುತ್ತದೆ. ಯಜಮಾನರು ತೀರಿಕೊಂಡ ದುಃಖದಲ್ಲಿ ಗಡುವು ತಪ್ಪಿಸಿಕೊಂಡು ಬಡ್ಡಿ ಹೊರುವುದು ತೀರಾ ಅನ್ಯಾಯದ ನಷ್ಟ. ಸೊಸೈಟಿಯ ಕಾರ್ಯದರ್ಶಿಯನ್ನು ಕಂಡು ಗಡುವು ಯಾವತ್ತು ಎಂದು ಮೊದಲ ತಿಂಗಳಲ್ಲೇ ತಿಳಿದುಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ತೋಟದ ಬೆಲೆ 40 ಲಕ್ಷ ಎಂದಿಟ್ಟುಕೊಳ್ಳಿ. ಯಜಮಾನರ ಸಾಲ ಒಟ್ಟು 7.5 ಲಕ್ಷ. ಕಳೆದರೆ ಉಳಿಯುವುದು 32.5 ಲಕ್ಷ. ಸ್ವಯಾರ್ಜಿತ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು. ಇಲ್ಲಿ ಐದು ಜನ. ತಲಾ 24 ಗುಂಟೆ. ದುಡ್ಡಿನ ಲೆಕ್ಕದಲ್ಲಿ ಸಾಲ ಕಳೆದು ತಲಾ 6.5 ಲಕ್ಷ.

ಐದನೇ ಪಾಲು ಅಜ್ಜಿಯದು ಎಂಬುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಸತ್ತವರ ತಾಯಿ ಬದುಕಿದ್ದರೆ ಹೆಂಡತಿ, ಮಕ್ಕಳಷ್ಟೇ ಪಾಲು ಆಕೆಗೂ ಇದೆ. ತಂದೆಗೆ ಈ ಮೊದಲ ದರ್ಜೆಯಲ್ಲಿ ಜಾಗವಿಲ್ಲ, ತಾಯಿಗೆ ಇದೆ. ಅಜ್ಜಿಯನ್ನು ಬಿಟ್ಟು ಖಾತೆ ಮಾಡಿಸಿದರೆ ಮುಂದೆ ಏನಾಗುತ್ತದೆ ಗೊತ್ತಾ? ಅಜ್ಜಿ ತೀರಿಕೊಂಡ ಮೇಲೆ ಆಕೆಯ 24 ಗುಂಟೆಗೆ ಆಕೆಯ ಹೆಣ್ಣುಮಕ್ಕಳು, ಅಂದರೆ ಈ ಮಕ್ಕಳ ಸೋದರತ್ತೆಯರೂ ಹಕ್ಕುದಾರರು. ಹದಿನೈದು ವರ್ಷ ಬಿಟ್ಟು ತೋಟ ಮಾರಲು ಹೊರಟಾಗ ಆ ತಕರಾರು ಎದ್ದು ನಿಲ್ಲುತ್ತದೆ.

ತೋಟದ ಬದಲು 3 ಲಕ್ಷ ಬೆಲೆಯ ಒಂದು ತುಂಡು ಜಾಗ ಮಾತ್ರ ಇದ್ದಿದ್ದರೆ? 7.5 ಲಕ್ಷದ ಸಾಲಕ್ಕೆ ಆ 3 ಲಕ್ಷ ಹೋಗುತ್ತದೆ. ಅಡವು ಇದ್ದವರಿಗೆ ಮೊದಲು. ಉಳಿದದ್ದನ್ನು ಮಕ್ಕಳಿಂದ ಕೇಳುವಂತಿಲ್ಲ. ಆದರೆ ಇದನ್ನು ತಿಳಿದು ಜಾಣತನ ಮಾಡಲು ಹೋಗಬೇಡಿ. ಸಾಲ ಇದೆ ಎಂದು ಗೊತ್ತಿದ್ದೂ ಆಸ್ತಿಯನ್ನು ಆತುರದಲ್ಲಿ ಬಾಮೈದನ ಹೆಸರಿಗೆ ಬರೆದರೆ ಸಾಲ ಕೊಟ್ಟವರು ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಆಸ್ತಿ ಮಾರಿ ದುಡ್ಡು ಖರ್ಚು ಮಾಡಿಕೊಂಡರೂ ಬಂದಷ್ಟು ಮೊತ್ತಕ್ಕೆ ಹೊಣೆ ತಪ್ಪುವುದಿಲ್ಲ. ಸಾಲ ಕೊಟ್ಟವರದೂ ಬೆವರಿನ ದುಡ್ಡೇ ಆಗಿರಬಹುದು. ಆಸ್ತಿ ಇರುವಷ್ಟಕ್ಕೆ ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲಲಿ.

"ಪಾಲು ಬೇಕಾದ್ರೆ ಸಾಲದಲ್ಲೂ ಪಾಲು ತಗೋ"

ಈ ಮಾತನ್ನು ಹೆಣ್ಣುಮಕ್ಕಳಿಗೆ ಹೇಳದ ಊರು ಕರ್ನಾಟಕದಲ್ಲಿ ಇದೆಯೋ ಇಲ್ಲವೋ. ಇಡೀ ವಿಷಯದಲ್ಲಿ ನನಗೆ ಜಾಸ್ತಿ ನೋವಾಗುವುದು ಇಲ್ಲಿ. ಅಪ್ಪ ತೀರಿಕೊಂಡ ಕೆಲವೇ ದಿನಕ್ಕೆ ಅಣ್ಣಂದಿರು ತಂಗಿಯನ್ನು ಕರೆಸುತ್ತಾರೆ. ಸಾಲದ ದೊಡ್ಡ ಪಟ್ಟಿ ಹೇಳುತ್ತಾರೆ. "ನಿನ್ ಗಂಡನ ಮನೆವರೆಗೂ ಬರ್ತಾರೆ ನೋಡು" ಎಂದು ಹೆದರಿಸುತ್ತಾರೆ. ಆಕೆ ಹೆದರಿ ಹಕ್ಕು ಬಿಡುಗಡೆ ಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೋ ಕೊಟ್ಟು ಬರುತ್ತಾಳೆ.

ಮೇಲಿನ ಲೆಕ್ಕವನ್ನೇ ನೋಡಿ. ಸಾಲವೆಲ್ಲ ಕಳೆದ ಮೇಲೂ ಆಕೆಗೆ 6.5 ಲಕ್ಷ ಇದೆ. ಸಾಲದ ಮೊತ್ತ ಎಷ್ಟೇ ಇರಲಿ, ಅದು ಆಕೆಗೆ ಬರುವ ಪಾಲನ್ನು ಮೀರಿ ಒಂದು ರೂಪಾಯಿಯೂ ಆಕೆಯ ಗಂಡನ ಮನೆಗೆ ಬರುವುದಿಲ್ಲ. ಅಂದರೆ ಕೆಟ್ಟದ್ದೇ ಆದರೂ ಆಕೆಗೆ ಬರುವುದು ಸೊನ್ನೆ, ಕೈಯಿಂದ ಹೋಗುವುದು ಏನೂ ಇಲ್ಲ. ಈ ಒಂದು ಮಾತು ತಿಳಿದಿದ್ದರೆ ಆ ಬೆದರಿಕೆಗೆ ಬಲವೇ ಇರುವುದಿಲ್ಲ. ತಂಗಿ ಪ್ರೀತಿಯಿಂದ, ಎಲ್ಲ ತಿಳಿದು ಹಕ್ಕು ಬಿಟ್ಟುಕೊಡುವುದು ಬೇರೆ, ಅದು ಆಕೆಯ ಇಷ್ಟ. ಸುಳ್ಳು ಲೆಕ್ಕ ಹೇಳಿ ಬರೆಸಿಕೊಳ್ಳುವುದು ಮೋಸ. ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದು ಮಾಡಿಸಲು ಸಿವಿಲ್ ದಾವೆಯೇ ಹೂಡಬೇಕು, ಅದಕ್ಕೂ ವಿಷಯ ತಿಳಿದ ಮೂರು ವರ್ಷದೊಳಗೆ.

ಪಿತ್ರಾರ್ಜಿತ ಆಸ್ತಿಯಾದರೆ ಪಾಲಿನ ಲೆಕ್ಕ ಬೇರೆ. ಅಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ, ಹೆಣ್ಣುಮಕ್ಕಳಿಗೂ. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂಚೆ ಹೊರಟಿತ್ತು. ರಾಜ್ಯದ ತಿದ್ದುಪಡಿ 1994ರ ಜುಲೈ 30ರಿಂದಲೇ ಜಾರಿಯಲ್ಲಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಗೋಡೆ ತೆಗೆಯಿತು. ತಂದೆ 2005ಕ್ಕೂ ಮೊದಲೇ ತೀರಿಕೊಂಡಿದ್ದರೆ ಏನು ಎಂಬ ಗೊಂದಲ ಬಹಳ ಕಾಲ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾಗಿಯೋ ಕೋರ್ಟ್ ಡಿಕ್ರಿಯಿಂದಲೋ ಆದ ಪಾಲುಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಮುಸ್ಲಿಮರಲ್ಲಿ ಅಂತ್ಯಕ್ರಿಯೆಯ ಖರ್ಚು, ಸಾಲ, ಆಮೇಲೆ ಮೂರನೇ ಒಂದು ಭಾಗದ ಮಿತಿಯಲ್ಲಿ ಉಯಿಲು, ಕೊನೆಗೆ ವಾರಸುದಾರರ ಪಾಲು ಎಂಬ ಕ್ರಮ ಇದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು ಪಾಲು. ಯಾರ ಕಾನೂನು ತೆಗೆದರೂ ಮೊದಲು ಸಾಲ, ಆಮೇಲೆ ಪಾಲು.

ಖಾತೆ ಮಾಡಿಸಿದರೆ ಸಾಲ ಬರುತ್ತದೆಯೇ?

ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ಸತ್ತವರ ಹೆಸರಿನಲ್ಲೇ ಇವೆ. ಇದನ್ನು ಸರಿಪಡಿಸಲು ಕಂದಾಯ ಇಲಾಖೆ ಇ-ಪೌತಿ ಆಂದೋಲನವನ್ನೇ ನಡೆಸಬೇಕಾಗಿ ಬಂದಿದೆ. ಜನ ಪೌತಿ ಖಾತೆಗೆ ಹೋಗದಿರಲು ಓಡಾಟ, ಖರ್ಚು, ಒಳಜಗಳ ಎಲ್ಲವೂ ಕಾರಣ. ಇದರ ಜೊತೆ ಇನ್ನೊಂದು ಭಯವೂ ಸೇರಿಕೊಂಡಿದೆ. ಖಾತೆ ನಮ್ಮ ಹೆಸರಿಗೆ ಬಂದರೆ ಅಪ್ಪನ ಸಾಲವೂ ನಮ್ಮ ಹೆಸರಿಗೆ ಬರುತ್ತದೆ ಎಂಬುದು.

ಇದು ತಪ್ಪು ತಿಳಿವಳಿಕೆ. ಆಸ್ತಿಯ ಹಕ್ಕು ಯಜಮಾನರು ತೀರಿಕೊಂಡ ಕ್ಷಣದಲ್ಲೇ ವಾರಸುದಾರರಿಗೆ ಬಂದಾಗಿರುತ್ತದೆ. ಅದರ ಮೇಲಿನ ಸಾಲವೂ ಆ ಕ್ಷಣದಿಂದಲೇ ಇರುತ್ತದೆ. ಖಾತೆ ಅದನ್ನು ಹೆಚ್ಚು ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಇರುವುದು ಕಂದಾಯದ ಲೆಕ್ಕಕ್ಕೆ, ಅವೇ ಮಾಲೀಕತ್ವ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಇದರ ಇನ್ನೊಂದು ಮಗ್ಗುಲೂ ಮುಖ್ಯ. ಅಣ್ಣ ಒಬ್ಬನೇ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡ ಮಾತ್ರಕ್ಕೆ ತಮ್ಮ, ತಂಗಿಯರ ಹಕ್ಕು ಹೋಗುವುದಿಲ್ಲ.

ಖಾತೆ ಮಾಡಿಸದಿದ್ದರೆ ಆಗುವ ನಷ್ಟ ಮಾತ್ರ ನಿಜವಾದದ್ದು. ಬೆಳೆ ಪರಿಹಾರ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಮೂಲಕ ಪಹಣಿದಾರರ ಆಧಾರ್ ಖಾತೆಗೆ ಬರುತ್ತದೆ, ಸತ್ತವರ ಹೆಸರಿದ್ದರೆ ಅಲ್ಲೇ ನಿಲ್ಲುತ್ತದೆ. ಪಿಎಂ ಕಿಸಾನ್ ಹಣವೂ ಹಾಗೇ. ಸೊಸೈಟಿಯ ಸಾಲ ನವೀಕರಣ ಆಗುವುದಿಲ್ಲ. ಸರ್ಕಾರ ರಸ್ತೆಗೋ ಕಾಲುವೆಗೋ ಜಮೀನು ತೆಗೆದುಕೊಂಡರೆ ಪರಿಹಾರದ ದುಡ್ಡು ವರ್ಷಗಟ್ಟಲೆ ಸಿಕ್ಕಿಬೀಳುತ್ತದೆ. ಎರಡು ತಲೆಮಾರು ಹಾಗೇ ಬಿಟ್ಟರೆ ಐದು ಸಹಿ ಸಾಕಾಗುತ್ತಿದ್ದ ಕಡೆ ಮೂವತ್ತು ಸಹಿ ಬೇಕಾಗುತ್ತದೆ.

ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಮರಣ ಪ್ರಮಾಣಪತ್ರ, ಪಹಣಿ, ಆಧಾರ್ ಜೊತೆಗೆ ವಂಶವೃಕ್ಷ ಬೇಕು. ವಂಶವೃಕ್ಷವನ್ನು ಒಂದೊಂದು ಹೆಸರೂ ಓದಿ ನೋಡಿ. ಹೆಣ್ಣುಮಕ್ಕಳ ಹೆಸರು, ಅಜ್ಜಿಯ ಹೆಸರು ಬಿಟ್ಟುಹೋಗುವುದು ಅಲ್ಲೇ. ಬಿಟ್ಟಿದ್ದಾರೆ ಎಂದು ಗೊತ್ತಾದರೆ ಮ್ಯುಟೇಶನ್ ನೋಟಿಸಿನ ಅವಧಿಯಲ್ಲಿ ಲಿಖಿತ ತಕರಾರು ಕೊಡಿ. ತಕರಾರು ಬಿದ್ದರೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಣೆ ಆಗಬೇಕು. ಆದೇಶ ಒಪ್ಪಿಗೆ ಇಲ್ಲದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಪಾಲು ಎಷ್ಟು ಎಂಬ ಜಗಳವನ್ನು ಮಾತ್ರ ಸಿವಿಲ್ ಕೋರ್ಟೇ ತೀರ್ಮಾನಿಸಬೇಕು.

ಅಪ್ಪ ಮಾಡಿದ ಎಲ್ಲ ಸಾಲ ಪಹಣಿಯಲ್ಲಿ ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆದರೆ ನೋಂದಣಿಯಾದ ಅಡಮಾನ ಸಿಗುತ್ತದೆ. ಕಾಗದಪತ್ರ ಇಟ್ಟು ಮಾಡಿದ ಸಾಲ ನೋಂದಣಿ ಆಗದಿದ್ದರೆ ಇಸಿಯಲ್ಲೂ ಇರುವುದಿಲ್ಲ. ಹಾಗಾಗಿ ಮೂಲ ಕ್ರಯಪತ್ರ ಮನೆಯಲ್ಲಿದೆಯಾ ಎಂದು ಬೀರು ತೆಗೆದು ನೋಡುವುದೂ ಒಂದು ತನಿಖೆಯೇ.

ಸಾಲಕ್ಕೆ ಸಿಗದ ದುಡ್ಡು

ಯಜಮಾನರು ನೌಕರಿಯಲ್ಲಿದ್ದರೆ ಒಂದಷ್ಟು ದುಡ್ಡು ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ. ಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ಸದಸ್ಯ ಸತ್ತ ಮೇಲೆ ಆ ಹಣ ನಾಮಿನಿಗೆ ಸಾಲಮುಕ್ತವಾಗಿ ಬರುತ್ತದೆ ಎಂದು ಪಿಎಫ್ ಕಾಯ್ದೆಯೇ ಹೇಳಿದೆ. ಕುಟುಂಬ ಪಿಂಚಣಿ ಸತ್ತವರ ಆಸ್ತಿಯೇ ಅಲ್ಲ, ಅದು ವಿಧವೆಯ ಸ್ವಂತ ಹಕ್ಕು. ಪಿಎಫ್ ಜೊತೆಗಿನ ಇಡಿಎಲ್ಐ ವಿಮೆಯಲ್ಲಿ 7 ಲಕ್ಷದವರೆಗೆ ಬರಬಹುದು. ಖಾಸಗಿ ಕಂಪನಿಯಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರ ಮನೆಯವರು ಇದನ್ನು ಕೇಳಿ ಪಡೆಯಲೇಬೇಕು. ಗಂಡ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ, ಮಕ್ಕಳಿಗೆಂದು ಜೀವವಿಮೆ ಮಾಡಿಸಿದ್ದರೆ ಅದಕ್ಕೂ ಸಾಲಗಳ ಕಾಟ ಇಲ್ಲ. ಪಾಲಿಸಿ ಕೊಳ್ಳುವಾಗ ಒಂದು ಫಾರಂ ಹೆಚ್ಚಿಗೆ ತುಂಬಿದರೆ ಸಾಕು. ವ್ಯಾಪಾರ ಮಾಡುವವರು, ಸಾಲದಲ್ಲೇ ವಹಿವಾಟು ನಡೆಸುವವರು ಇದನ್ನು ತಪ್ಪದೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಕೋರ್ಟ್ ಡಿಕ್ರಿ ಆದರೂ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್‌ನಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿಯಂಥ ಒಡವೆ, ಕಸುಬಿನವರ ಉಪಕರಣ, ರೈತರ ಬೇಸಾಯದ ಸಾಮಾನು, ಎತ್ತು, ಬಿತ್ತನೆ ಬೀಜ. ಬ್ಯಾಂಕುಗಳು ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ.

ನಾಮಿನಿ ಬಗ್ಗೆಯೂ ಎರಡು ಮಾತು. ಬ್ಯಾಂಕಿನಲ್ಲಿ ನಾಮಿನಿ ಅಂದರೆ ದುಡ್ಡು ಇಸಿದುಕೊಳ್ಳುವ ಕೈ ಅಷ್ಟೇ. ಆ ದುಡ್ಡು ಎಲ್ಲ ವಾರಸುದಾರರದೂ ಹೌದು. ಷೇರುಗಳಿಗೂ ಇದೇ ನಿಯಮ ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು, ಯಾರಿಗೆ ಎಷ್ಟು ಶೇಕಡಾ ಎಂದೂ ಬರೆಯಬಹುದು. ಯಜಮಾನರು ಎಲ್ಲೋ ಇಟ್ಟು ಮರೆತ ಠೇವಣಿ ಇರಬಹುದು ಎಂಬ ಅನುಮಾನವಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು.

ಬಾಗಿಲಿಗೆ ಬಂದವರು

2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ, ರಾಮನಗರ, ಹಾವೇರಿ ಕಡೆಯಿಂದ ಬಂದ ಸುದ್ದಿಗಳು ನೆನಪಿರಬಹುದು. ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ಜೀವ ಕಳೆದುಕೊಂಡವರು. ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು, ಮುಂದೆ ಅದು ಕಾಯ್ದೆಯೂ ಆಯಿತು. ಸಾಲಗಾರರನ್ನೋ ಅವರ ಮನೆಯವರನ್ನೋ ಬೆದರಿಸಿ, ಹಿಂಸಿಸಿ ವಸೂಲು ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಫೈನಾನ್ಸ್ ಕಂಪನಿಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿದ್ದಾರೆ. ಹಾಗೆಂದು ಅವರಿಗೆ ಮೂಗುದಾರವೇ ಇಲ್ಲ ಎಂದಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಮೈಕ್ರೋ ಫೈನಾನ್ಸ್ ಸಾಲವಾದರೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಮಾಡುವಂತಿಲ್ಲ. ಮನೆಯವರನ್ನು, ಸ್ನೇಹಿತರನ್ನು ಅವಮಾನ ಮಾಡುವಂತಿಲ್ಲ. ಮೈಕ್ರೋ ಫೈನಾನ್ಸ್ ಸಾಲವನ್ನು ಗೊತ್ತುಪಡಿಸಿದ ಜಾಗದಲ್ಲೇ ವಸೂಲು ಮಾಡಬೇಕು. ಸಾಲ ಪಡೆದವರು ಎರಡು ಅಥವಾ ಹೆಚ್ಚು ಸಲ ಸತತವಾಗಿ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ದೂರು ಕೊಟ್ಟು 30 ದಿನ ಕಳೆದರೂ ಸಂಸ್ಥೆ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಊರಿನ ಕೈಸಾಲದ ವಿಷಯಕ್ಕೆ ಬಂದರೆ ಕಣ್ಣಿಡಬೇಕಾದದ್ದು ಪ್ರೋನೋಟಿನ ಹಿಂಬದಿ. ಕೇಳಿದಾಗ ಕೊಡುತ್ತೇನೆ ಎಂದು ಬರೆದ ಪ್ರೋನೋಟಿಗೆ ಅದರ ತಾರೀಖಿನಿಂದ ಮೂರು ವರ್ಷ ಮಾತ್ರ ಆಯಸ್ಸು. ಅದರೊಳಗೆ ದಾವೆ ಹೂಡದಿದ್ದರೆ ಅವಧಿ ಮುಗಿಯಿತು. ಆದರೆ ಅವಧಿಯೊಳಗೆ ಒಂದಿಷ್ಟು ದುಡ್ಡು ಕಟ್ಟಿ, ಹಿಂದೆ "ಇಂಥ ದಿನ ಇಷ್ಟು ಸಂದಾಯ" ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ. "ಐನೂರು ರೂಪಾಯಿ ಕೊಟ್ಟು ಹಿಂದೆ ಒಂದು ಸಹಿ ಹಾಕಪ್ಪ, ಸಮಾಧಾನಕ್ಕೆ" ಎಂದು ಕೇಳುವುದು ಇದಕ್ಕೇ. ಮುಂಬದಿಯ ತಾರೀಖು ನೋಡದೆ ಹಿಂಬದಿಗೆ ಸಹಿ ಹಾಕಬೇಡಿ. ಮೂರು ವರ್ಷ ಮೀರಿದ ಸಾಲಕ್ಕೂ "ಕೊಡುತ್ತೇನೆ" ಎಂದು ಹೊಸದಾಗಿ ಬರೆದುಕೊಟ್ಟರೆ ಅದಕ್ಕೆ ಮತ್ತೆ ಜೀವ ಬರಬಹುದು. ಅಪ್ಪನ ನೋಟು ಹರಿದು ನಿಮ್ಮ ಹೆಸರಿನಲ್ಲಿ ಹೊಸ ನೋಟು ಬರೆಸಿಕೊಂಡರಂತೂ ಆಸ್ತಿಯ ಮಿತಿಯ ಮಾತೇ ಹೋಯಿತು, ಸಾಲ ನಿಮ್ಮದೇ ಎಂದು ವಾದಿಸಲು ದಾರಿ ಆಯಿತು.

ಅಪ್ಪ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ ತೋರಿಸಿ "ಚೆಕ್ ಬೌನ್ಸ್ ಕೇಸ್ ಹಾಕ್ತೀನಿ, ಜೈಲಿಗೆ ಹೋಗ್ತೀಯ" ಎಂದು ಹೆದರಿಸುವವರಿದ್ದಾರೆ. ಚೆಕ್ಕಿಗೆ ಸಹಿ ಹಾಕಿದವರು ಸತ್ತ ಮೇಲೆ ಆ ಕ್ರಿಮಿನಲ್ ಕೇಸನ್ನು ಮಕ್ಕಳ ಮೇಲೆ ನಡೆಸಲು ಬರುವುದಿಲ್ಲ. ದುಡ್ಡು ಬರಬೇಕಿದ್ದರೆ ಸಿವಿಲ್ ದಾವೆ ಹಾಕಲಿ.

ಹಾಗಾಗಿ ಬಂದವರಿಗೆಲ್ಲ ಹೇಳಬೇಕಾದ ಉತ್ತರ ಸುಲಭ. "ಅಣ್ಣಾ, ನಿಮ್ಮ ಹತ್ರ ಇರೋ ಕಾಗದದ ಜೆರಾಕ್ಸ್ ಕೊಡಿ. ಅಪ್ಪನ ಆಸ್ತಿ, ಸಾಲ ಎಲ್ಲ ಪಟ್ಟಿ ಮಾಡ್ತಿದೀವಿ. ಕೂತು ಮಾತಾಡೋಣ." ನಿಜವಾಗಿ ಕೊಟ್ಟವರು ಜೆರಾಕ್ಸ್ ಕೊಡಲು ಹಿಂಜರಿಯುವುದಿಲ್ಲ. ಪಂಚಾಯ್ತಿಯಲ್ಲಿ ಮರಣ ಪ್ರಮಾಣಪತ್ರ ಕೊಡುವಾಗಲೇ ಈ ಹಕ್ಕುಗಳನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಜೊತೆಗೆ ಕೊಟ್ಟರೆ ಸರ್ಕಾರಕ್ಕೆ ಆಗುವ ಖರ್ಚು ಎಷ್ಟು? ಎಷ್ಟೋ ಮನೆಗಳು ಉಳಿಯುತ್ತವೆ. ಇದನ್ನು ಇಲಾಖೆ ಮಾಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಮನೆಯಲ್ಲಿ ಸುಮ್ಮನೆ ಕೂರುವಂತಿಲ್ಲ. 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ನ್ಯಾಯಾಲಯ 90 ದಿನದವರೆಗೆ ಸಮಯ ಕೊಡಬಹುದು. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅಪ್ಪನಿಂದ ಬಂದ ಆಸ್ತಿ ಇಷ್ಟೇ ಎಂದು ಪಟ್ಟಿ ಸಮೇತ ಅದೇ ಹೇಳಿಕೆಯಲ್ಲಿ ಬರೆಸಿ. ಡಿಕ್ರಿ ಆದರೂ ಅದು ಆ ಆಸ್ತಿಯ ಮೇಲೆ ಮಾತ್ರ ಎಂದು ಸ್ಪಷ್ಟವಾಗಿ ನಮೂದಾಗುವಂತೆ ವಕೀಲರಿಗೆ ಹೇಳಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಹಿಂಜರಿಯುವುದು ಬೇಡ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಸಮಿತಿ ಇರುವುದು ತಾಲ್ಲೂಕು ಕೋರ್ಟಿನ ಆವರಣದಲ್ಲೇ. ಫೋನ್ ಮಾಡಿ ಕೇಳುವುದಾದರೆ 15100.